ಅಂಗೈಯೊಳಗಿನ ಪ್ರಾಣಿಲೋಕ

ಕಣ್ಣಿಗೆ ಕಾಣುವ ಪ್ರಾಣಿಗಳಿಂದಷ್ಟೇ ಮನುಷ್ಯನು ಎಂದೂ ತೃಪ್ತನಾದವನಲ್ಲ. ಸಿಂಹದ ದೇಹಕ್ಕೆ ಆನೆಯ ಸೊಂಡಿಲನ್ನು ಜೋಡಿಸಿ ಅವನು ಯಾಳಿಯನ್ನು ನಿರ್ಮಿಸಿದನು; ಒಂದೇ ಒಡಲಿಗೆ ಎರಡು ತಲೆಗಳನ್ನಿತ್ತು ಗಂಡಭೇರುಂಡವನ್ನು ಕಲ್ಪಿಸಿದನು. ಗ್ರೀಕರು ಕುದುರೆಗೆ ರೆಕ್ಕೆಗಳನ್ನು ಮೂಡಿಸಿದರು. ಚೀನೀಯರು ರೆಕ್ಕೆಗಳಿಲ್ಲದೆಯೇ ಮೋಡಗಳ ನಡುವೆ ಸಂಚರಿಸುವ ಮಹಾಸರ್ಪವನ್ನು ಕಂಡರು. ಈ ಪ್ರಾಣಿಗಳು ಬಹುಕಾಲ ಗುಡಿಯ ಕಂಬಗಳಲ್ಲಿಯೂ, ಅರಸರ ಲಾಂಛನಗಳಲ್ಲಿಯೂ, ಅಜ್ಜಿಯರ ಕಥೆಗಳಲ್ಲಿಯೂ ನೆಲೆಸಿದ್ದುವು. ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇಂತಹ ಜೀವಿಗಳಿಗೆ ಹೊಸದೊಂದು ಮನೆ ದೊರೆಯಿತು. ಆ ಮನೆಯು 6.3 ಸೆಂಟಿಮೀಟರ್ ಅಗಲ ಮತ್ತು 8.8 ಸೆಂಟಿಮೀಟರ್ ಉದ್ದವುಳ್ಳ ಒಂದು ರಟ್ಟಿನ ಕಾರ್ಡು. ಜಪಾನಿನಲ್ಲಿ ಹುಟ್ಟಿದ ‘ಪೋಕೆಮಾನ್’ ಕಾರ್ಡುಗಳು ಇವುಗಳಲ್ಲಿ ಜಗದ್ವಿಖ್ಯಾತವಾದುವು. ಅವು ಹುಟ್ಟಿದ ಬಗೆ, ಅವುಗಳಲ್ಲಿ ಅಡಗಿರುವ ಗಣಿತ, ಅವು ಮಕ್ಕಳಿಗೆ ಕೊಟ್ಟದ್ದೇನು, ಕಸಿದುಕೊಂಡದ್ದೇನು ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಕಾರ್ಡಿನ ಆಟಗಳು ಜಪಾನಿಗೆ ಹೊಸವಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸ್ ವರ್ತಕರು ಇಸ್ಪೀಟೆಲೆಗಳನ್ನು ಆ ದೇಶಕ್ಕೆ ಕೊಂಡೊಯ್ದರು. ಪೋರ್ಚುಗೀಸರ ‘ಕಾರ್ತ’ ಎಂಬ ಶಬ್ದವೇ ಜಪಾನೀಯರ ನಾಲಗೆಯಲ್ಲಿ ‘ಕರುತ’ ಎಂದಾಯಿತು. ಕಾಲಕ್ರಮದಲ್ಲಿ ಜಪಾನೀಯರು ತಮ್ಮ ಅಭಿರುಚಿಗೆ ತಕ್ಕ ಎಲೆಗಳನ್ನು ರೂಪಿಸಿಕೊಂಡರು. ಒಂದು ಬಗೆಯ ಎಲೆಗಳಲ್ಲಿ ಹಳೆಯ ಕವಿತೆಗಳನ್ನು ಬರೆದರು. ‘ಹನಫುದ’ ಎಂಬ ಮತ್ತೊಂದು ಬಗೆಯ 48 ಎಲೆಗಳಲ್ಲಿ ಹನ್ನೆರಡು ತಿಂಗಳುಗಳ ಹೂಗಿಡಗಳನ್ನು ಚಿತ್ರಿಸಿದರು. ಇನ್ನೊಂದು ಬಗೆಯಲ್ಲಿ ಭೂತಪ್ರೇತಗಳೂ ವಿಚಿತ್ರ ಜೀವಿಗಳೂ ಸ್ಥಾನ ಪಡೆದುವು. ಇವಕ್ಕೆ ‘ಒಬಾಕೆ ಕರುತ’, ಎಂದರೆ ಭೂತದ ಎಲೆಗಳು ಎಂದು ಹೆಸರು. ಒಬ್ಬನು ಸುಳಿವಿನ ಮಾತನ್ನು ಓದಿ ಹೇಳಿದರೆ, ಉಳಿದವರು ಅದಕ್ಕೆ ಹೊಂದುವ ಜೀವಿಯ ಚಿತ್ರವನ್ನು ಹರಡಿದ ಎಲೆಗಳ ನಡುವೆ ಥಟ್ಟನೆ ಹುಡುಕಿ ತೆಗೆಯಬೇಕಾಗಿತ್ತು. ಇಂತಹ ಜೀವಿಗಳನ್ನು ಒಂದೊಂದಾಗಿ ಹೆಸರಿಸಿ, ಚಿತ್ರ ಬರೆದು, ಕೋಶದಂತೆ ಜೋಡಿಸುವ ಆಸಕ್ತಿಯೂ ಆ ದೇಶದಲ್ಲಿ ಹಿಂದಿನದು. ತೊರಿಯಾಮ ಸೆಕಿಯೆನ್ ಎಂಬ ಕಲಾವಿದನು 1776ರಲ್ಲಿಯೇ ಇಂತಹ ಸಚಿತ್ರ ಗ್ರಂಥವೊಂದನ್ನು ಹೊರತಂದನು. ಇಂದು ವಿದ್ಯುನ್ಮಾನ ಆಟಗಳಿಗೆ ಹೆಸರಾದ ನಿಂಟೆಂಡೊ ಸಂಸ್ಥೆಯು 1889ರಲ್ಲಿ ಕ್ಯೋಟೊ ನಗರದಲ್ಲಿ ಆರಂಭವಾದದ್ದು ಹನಫುದ ಎಲೆಗಳನ್ನು ತಯಾರಿಸುವುದಕ್ಕಾಗಿ ಎಂಬುದು ಗಮನಾರ್ಹ.

ಕಾರ್ಡುಗಳನ್ನು ಸಂಗ್ರಹಿಸುವ ಹವ್ಯಾಸವಾದರೋ ಬೇರೊಂದು ದಾರಿಯಿಂದ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಹೊಗೆಸೊಪ್ಪಿನ ಕಂಪನಿಗಳು ಸಿಗರೇಟಿನ ಪೊಟ್ಟಣವು ಮುದುಡದಿರಲೆಂದು ಒಳಗೊಂದು ಗಟ್ಟಿ ಕಾಗದವನ್ನು ಇಡುತ್ತಿದ್ದುವು. ಆ ಕಾಗದದ ಮೇಲೆ ಆಟಗಾರರು, ನಟಿಯರು, ಹಕ್ಕಿಗಳು, ಹಡಗುಗಳು ಮೊದಲಾದ ಚಿತ್ರಗಳನ್ನು ಮುದ್ರಿಸತೊಡಗಿದಾಗ ಜನರು ಅವುಗಳನ್ನು ಕೂಡಿಡಲು ಮೊದಲು ಮಾಡಿದರು. ಒಂದು ಮಾಲೆಯನ್ನು ಪೂರ್ಣಗೊಳಿಸಬೇಕೆಂಬ ಹಂಬಲವು ಮತ್ತೊಂದು ಪೊಟ್ಟಣವನ್ನು ಕೊಳ್ಳುವಂತೆ ಮಾಡಿತು. ಸಂಗ್ರಹದ ಆನಂದವೂ ವ್ಯಾಪಾರದ ಲಾಭವೂ ಹೀಗೆ ಮೊದಲಿನಿಂದಲೂ ಜೊತೆಗೂಡಿಯೇ ನಡೆದುವು.

ಆಡುವ ಕಾರ್ಡು ಮತ್ತು ಸಂಗ್ರಹಿಸುವ ಕಾರ್ಡು ಎಂಬ ಈ ಎರಡು ಹೊಳೆಗಳು ಸಂಗಮಿಸಿದ್ದು 1993ರಲ್ಲಿ. ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞನು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟವನ್ನು ರಚಿಸಿದನು. ಅದುವರೆಗಿನ ಎಲೆಯಾಟಗಳಲ್ಲಿ ಆಟಗಾರರೆಲ್ಲರೂ ಒಂದೇ ಕಟ್ಟಿನಿಂದ ಎಲೆಗಳನ್ನು ಪಡೆಯುತ್ತಿದ್ದರು. ಈ ಹೊಸ ಆಟದಲ್ಲಿಯಾದರೋ ಪ್ರತಿಯೊಬ್ಬನೂ ತಾನು ಸಂಗ್ರಹಿಸಿದ ಕಾರ್ಡುಗಳಿಂದ ತನ್ನದೇ ಕಟ್ಟನ್ನು ರಚಿಸಿಕೊಂಡು ಬರುತ್ತಿದ್ದನು. ಮಾಂತ್ರಿಕರೂ, ಡ್ರ್ಯಾಗನ್ನುಗಳೂ, ದೈತ್ಯರೂ ತುಂಬಿದ ಆ ಆಟವು ಬಹುಬೇಗ ಜನಪ್ರಿಯವಾಯಿತು. ಮೂರು ವರ್ಷಗಳ ತರುವಾಯ ಅದೇ ಜಾಡಿನಲ್ಲಿ ಪೋಕೆಮಾನ್ ಕಾರ್ಡುಗಳು ಹೊರಬಂದುವು.

ಪೋಕೆಮಾನ್‌ಗಳ ಕಲ್ಪನೆಗೆ ಮೂಲನಾದವನು ಸತೋಷಿ ತಜಿರಿ. 1965ರಲ್ಲಿ ಜನಿಸಿದ ಈತನು ಬೆಳೆದದ್ದು ಟೋಕಿಯೋ ನಗರದ ಪಶ್ಚಿಮದಲ್ಲಿರುವ ಮಚಿದ ಎಂಬಲ್ಲಿ. ಆಗ ಅಲ್ಲಿ ಗದ್ದೆಗಳೂ, ಕೊಳಗಳೂ, ಮರಗಳ ತೋಪುಗಳೂ ಇದ್ದುವು. ಬಾಲಕನಾದ ತಜಿರಿಗೆ ಕೀಟಗಳನ್ನು ಹಿಡಿಯುವುದೆಂದರೆ ಎಲ್ಲಿಲ್ಲದ ಉತ್ಸಾಹ. ಅವನ ಸಂಗಡಿಗರು ಅವನನ್ನು ‘ಕೀಟಗಳ ಡಾಕ್ಟರ್’ ಎಂದೇ ಕರೆಯುತ್ತಿದ್ದರು. ಇತರ ಮಕ್ಕಳು ದುಂಬಿಗಳನ್ನು ಹಿಡಿಯಲು ಮರದ ತೊಗಟೆಗೆ ಜೇನು ಸವರುತ್ತಿದ್ದರೆ, ತಜಿರಿಯು ಮರದ ಬುಡದಲ್ಲಿ ಒಂದು ಕಲ್ಲನ್ನಿಟ್ಟು ಬರುತ್ತಿದ್ದನು. ಹಗಲು ನಿದ್ರಿಸುವ ದುಂಬಿಗಳು ಕಲ್ಲಿನ ಅಡಿಯನ್ನು ಆಶ್ರಯಿಸುತ್ತವೆ ಎಂಬುದನ್ನು ಅವನು ಕಂಡುಕೊಂಡಿದ್ದನು. ಬೆಳಿಗ್ಗೆ ಹೋಗಿ ಕಲ್ಲನ್ನೆತ್ತಿದರೆ ದುಂಬಿಗಳು ಅಲ್ಲಿಯೇ ಸಿಕ್ಕುತ್ತಿದ್ದುವು. ಯಾವ ಪುಸ್ತಕವೂ ಹೇಳಿಕೊಡದ ಈ ಪಾಠವನ್ನು ಅವನಿಗೆ ಕಲಿಸಿದುದು ತಾಳ್ಮೆಯ ವೀಕ್ಷಣೆ.

ಆದರೆ ನಗರವು ಬೆಳೆಯಿತು. ಗದ್ದೆಗಳ ಮೇಲೆ ಮನೆಗಳೂ ರಸ್ತೆಗಳೂ ಎದ್ದುವು. ಮೀನು ಹಿಡಿಯುವ ಕೊಳವಿದ್ದ ಜಾಗದಲ್ಲಿ ವಿಡಿಯೋ ಆಟಗಳ ಅಂಗಡಿ ಬಂದಿತು. ವರ್ಷದಿಂದ ವರ್ಷಕ್ಕೆ ಕೀಟಗಳು ವಿರಳವಾದುವು. ತಜಿರಿಯು ವಿಡಿಯೋ ಆಟಗಳತ್ತ ತಿರುಗಿದನು. 1983ರಲ್ಲಿ ‘ಗೇಮ್ ಫ್ರೀಕ್’ ಎಂಬ ಪತ್ರಿಕೆಯನ್ನು ಆರಂಭಿಸಿದನು. 1989ರಲ್ಲಿ ಅದೇ ಹೆಸರಿನ ಸಂಸ್ಥೆಯನ್ನು ಕಟ್ಟಿದನು. ಅದೇ ವರ್ಷ ಬಂದ ‘ಗೇಮ್ ಬಾಯ್’ ಎಂಬ ಕೈಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಬಹುದಾಗಿತ್ತು. ಆ ತಂತಿಯನ್ನು ಕಂಡಾಗ, ಒಂದು ಯಂತ್ರದಿಂದ ಮತ್ತೊಂದಕ್ಕೆ ಕೀಟಗಳು ಅದರ ಮೇಲೆ ಹರಿದು ಹೋಗುತ್ತಿರುವಂತೆ ಅವನಿಗೆ ತೋರಿತಂತೆ. ತನ್ನ ಬಾಲ್ಯದ ಸುಖವನ್ನು ಕೀಟಗಳಿಲ್ಲದ ನಗರದ ಮಕ್ಕಳಿಗೂ ಒದಗಿಸಬೇಕೆಂಬ ಆಶೆಯಿಂದ ಅವನು ಹೊಸ ಆಟವೊಂದನ್ನು ರೂಪಿಸತೊಡಗಿದನು. ‘ಪಾಕೆಟ್ ಮಾನ್‌ಸ್ಟರ್ಸ್’, ಎಂದರೆ ಕಿಸೆಯೊಳಗಿನ ವಿಚಿತ್ರ ಪ್ರಾಣಿಗಳು, ಎಂಬ ಆ ಆಟವು 1996ನೆಯ ಫೆಬ್ರವರಿ 27ರಂದು ಪ್ರಕಟವಾಯಿತು. ಆ ಹೆಸರಿನ ಸಂಕ್ಷೇಪವೇ ಪೋಕೆಮಾನ್. ಅದರಲ್ಲಿ 151 ಬಗೆಯ ಪ್ರಾಣಿಗಳಿದ್ದುವು. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಆ ಪ್ರಾಣಿಗಳು ಜಪಾನಿನಲ್ಲಿ ಕಾರ್ಡುಗಳ ಮೇಲೆ ಕಾಣಿಸಿಕೊಂಡುವು. 1999ರಲ್ಲಿ ಇಂಗ್ಲಿಷ್ ಕಾರ್ಡುಗಳು ಅಮೆರಿಕವನ್ನು ಪ್ರವೇಶಿಸಿ, ಅಲ್ಲಿಂದ ಅನೇಕ ದೇಶಗಳಿಗೆ ಹರಡಿದುವು.

ಇಂತಹ ಒಂದು ಕಾರ್ಡನ್ನು ಓದುವುದು ಹೇಗೆ? ಮೇಲ್ಭಾಗದಲ್ಲಿ ಪ್ರಾಣಿಯ ಹೆಸರು. ಅದರ ಪಕ್ಕದಲ್ಲಿ ಪ್ರಾಣಶಕ್ತಿಯನ್ನು ಸೂಚಿಸುವ ಅಂಕಿ. ನಡುವೆ ಚಿತ್ರ. ಚಿತ್ರದ ಕೆಳಗೆ ಅದರ ಹೊಡೆತಗಳ ವಿವರ. ಎಲ್ಲಕ್ಕಿಂತ ಕೆಳಗೆ ಮೂರು ಸಂಗತಿಗಳು: ಯಾವ ಬಗೆಯ ವೈರಿಗೆ ಅದು ಸುಲಭವಾಗಿ ಸೋಲುತ್ತದೆ, ಯಾವ ಬಗೆಯ ಹೊಡೆತವನ್ನು ತಡೆದುಕೊಳ್ಳುತ್ತದೆ, ಕಣದಿಂದ ಹಿಮ್ಮೆಟ್ಟಬೇಕಾದರೆ ಎಷ್ಟು ಬೆಲೆ ತೆರಬೇಕು ಎಂಬುದು. ಮೊದಲ ಕಾಲದ ಕಾರ್ಡುಗಳಲ್ಲಿ ಪ್ರಾಣಿಯ ಉದ್ದ, ತೂಕ ಮತ್ತು ಸ್ವಭಾವಗಳನ್ನೂ ಚಿಕ್ಕ ಅಕ್ಷರಗಳಲ್ಲಿ ಕಾಣಿಸುತ್ತಿದ್ದರು. ಇಲಿಯ ಜಾತಿಯದೆಂದು ಹೇಳಲಾದ ಹಳದಿ ಬಣ್ಣದ ಪಿಕಾಚುವಿನ ಎತ್ತರ 0.4 ಮೀಟರ್, ತೂಕ 6 ಕಿಲೋಗ್ರಾಂ. ಅದು ಸಿಡಿಲಿನ ಹೊಡೆತವನ್ನು ಬಳಸುವಾಗ ಆಟಗಾರನು ನಾಣ್ಯವನ್ನು ಚಿಮ್ಮಬೇಕು. ಬೀಳಬಾರದ ಮುಖ ಬಿದ್ದರೆ ಪಿಕಾಚುವಿಗೂ ಪೆಟ್ಟು ತಗಲುತ್ತದೆ.

ಇಲ್ಲಿ ಒಂದು ತತ್ತ್ವವು ಎದ್ದು ಕಾಣುತ್ತದೆ. ಯಾವ ಪ್ರಾಣಿಗೂ ಬೆಲೆ ತೆರದೆ ಬಲವು ಬಂದಿಲ್ಲ. ಬೆಂಕಿಯುಗುಳುವ ಚಾರಿಜಾರ್ಡ್ ಎಂಬ ಪ್ರಾಣಿಯನ್ನು ನೋಡಿ. ಮೊದಲ ಮಾಲೆಯಲ್ಲಿ ಅದರ ಪ್ರಾಣಶಕ್ತಿ 120. ಅದರ ಒಂದು ಹೊಡೆತಕ್ಕೆ 100ರ ಬಲ. ಆದರೆ ಆ ಹೊಡೆತಕ್ಕೆ ನಾಲ್ಕು ಶಕ್ತಿಕಾರ್ಡುಗಳು ಬೇಕು. ಹೊಡೆದಾಗಲೆಲ್ಲ ಎರಡನ್ನು ಕಳೆದುಕೊಳ್ಳಬೇಕು. ನೀರಿನ ಪ್ರಾಣಿಯು ಎದುರಾದರೆ ಅದರ ಪೆಟ್ಟು ಚಾರಿಜಾರ್ಡ್‌ಗೆ ಇಮ್ಮಡಿಯಾಗಿ ತಗಲುತ್ತದೆ. ನೀರು ಬೆಂಕಿಯನ್ನು ನಂದಿಸುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಹೀರುತ್ತದೆ. ಈ ಚಕ್ರದಲ್ಲಿ ಎಲ್ಲರನ್ನೂ ಗೆಲ್ಲುವವನಾಗಲಿ ಎಲ್ಲರಿಗೂ ಸೋಲುವವನಾಗಲಿ ಇಲ್ಲ. ಆದುದರಿಂದ ಬಲಿಷ್ಠ ಪ್ರಾಣಿಗಳನ್ನು ಗುಡ್ಡೆ ಹಾಕಿಕೊಂಡವನಿಗಿಂತ, ಒಂದರ ಕೊರತೆಯನ್ನು ಮತ್ತೊಂದರಿಂದ ತುಂಬಿಸಿಕೊಂಡವನು ಜಾಣನೆನಿಸುತ್ತಾನೆ.

ವಿಜ್ಞಾನದ ವಿದ್ಯಾರ್ಥಿಯು ಇಲ್ಲಿ ಒಂದು ವಿಷಯದಲ್ಲಿ ಎಚ್ಚರಿಕೆಯಿಂದಿರಬೇಕು. ಈ ಆಟದಲ್ಲಿ ಒಂದು ಪ್ರಾಣಿಯು ಬೆಳೆದು ಬೇರೆ ರೂಪವನ್ನು ತಾಳುವುದನ್ನು ‘ವಿಕಾಸ’ ಎಂದು ಕರೆಯುತ್ತಾರೆ. ಕ್ಯಾಟರ್‌ಪಿ ಎಂಬ ಕಂಬಳಿಹುಳು ಮೆಟಾಪಾಡ್ ಎಂಬ ಕೋಶವಾಗಿ, ಅನಂತರ ಬಟರ್‌ಫ್ರೀ ಎಂಬ ಚಿಟ್ಟೆಯಾಗುತ್ತದೆ. ಜೀವಶಾಸ್ತ್ರದಲ್ಲಿ ಇದಕ್ಕೆ ರೂಪಪರಿವರ್ತನೆ ಎಂದು ಹೆಸರು. ಅದು ಒಂದೇ ಜೀವಿಯ ಆಯುಷ್ಯದಲ್ಲಿ ನಡೆದು ಮುಗಿಯುತ್ತದೆ. ವಿಕಾಸವಾದರೋ ಅಸಂಖ್ಯಾತ ತಲೆಮಾರುಗಳಲ್ಲಿ ಜೀವಿಗಳ ಸಮುದಾಯವು ಮೆಲ್ಲಮೆಲ್ಲನೆ ಬದಲಾಗುವ ಪ್ರಕ್ರಿಯೆ. ಯಾವ ಒಂದು ಜೀವಿಯೂ ತಾನೇ ವಿಕಾಸಗೊಳ್ಳುವುದಿಲ್ಲ. ಕೀಟಗಳನ್ನು ಸಾಕಿ ಬಲ್ಲ ತಜಿರಿಯ ಆಟದಲ್ಲಿ ಹುಳು ಚಿಟ್ಟೆಯಾಗುವ ವಿಸ್ಮಯವು ಸೇರಿಕೊಂಡುದು ಸಹಜ. ಅದಕ್ಕೆ ಇಟ್ಟ ಹೆಸರು ಮಾತ್ರ ಶಾಸ್ತ್ರಸಮ್ಮತವಲ್ಲ.

ಇನ್ನು ಗಣಿತದ ಕಡೆಗೆ ಬರೋಣ. ಒಬ್ಬ ಆಟಗಾರನ ಕಟ್ಟಿನಲ್ಲಿ 60 ಕಾರ್ಡುಗಳಿರಬೇಕು. ಮೂಲ ಶಕ್ತಿಕಾರ್ಡುಗಳ ಹೊರತು ಒಂದೇ ಹೆಸರಿನ ನಾಲ್ಕಕ್ಕಿಂತ ಹೆಚ್ಚು ಕಾರ್ಡುಗಳು ಇರಕೂಡದು. ಆರಂಭದಲ್ಲಿ ಅವನು 7 ಕಾರ್ಡುಗಳನ್ನು ಎತ್ತಿಕೊಳ್ಳುತ್ತಾನೆ. ತನಗೆ ಬೇಕಾದ ಕಾರ್ಡಿನ ಒಂದೇ ಪ್ರತಿಯನ್ನು ಇಟ್ಟುಕೊಂಡಿದ್ದರೆ ಅದು ಮೊದಲ ಕೈಯಲ್ಲಿ ಬರುವ ಸಂಭವವು 60ರಲ್ಲಿ 7, ಎಂದರೆ ನೂರಕ್ಕೆ ಸುಮಾರು 12. ನಾಲ್ಕು ಪ್ರತಿಗಳಿದ್ದರೆ ಒಂದಾದರೂ ಬರುವ ಸಂಭವವು ನೂರಕ್ಕೆ ಸುಮಾರು 40. ಚಿಕ್ಕ ಮಕ್ಕಳು ಸೂತ್ರವನ್ನರಿಯದೆಯೂ ಆಡುತ್ತಾ ಆಡುತ್ತಾ ಇದನ್ನು ಅನುಭವದಿಂದ ತಿಳಿದುಕೊಳ್ಳುತ್ತಾರೆ. ಓದುವುದು, ಕೂಡುವುದು, ಕಳೆಯುವುದು, ಎದುರಾಳಿಯ ನಡೆಯನ್ನು ಊಹಿಸುವುದು, ಸೋತಾಗ ಕೈಕುಲುಕುವುದು ಇವೆಲ್ಲ ಈ ಆಟದಿಂದ ದೊರೆಯುವ ಲಾಭಗಳು.

ಆದರೆ ಅದೇ ಗಣಿತಕ್ಕೆ ಇನ್ನೊಂದು ಮುಖವೂ ಉಂಟು. ಕಾರ್ಡುಗಳನ್ನು ಮಾರುವುದು ಮುಚ್ಚಿದ ಪೊಟ್ಟಣಗಳಲ್ಲಿ. ಒಳಗೆ ಯಾವುದಿದೆಯೆಂಬುದು ಕೊಳ್ಳುವವನಿಗೆ ತಿಳಿಯದು. ಕಾರ್ಡಿನ ಮೂಲೆಯಲ್ಲಿ ಚಿಕ್ಕ ಗುರುತೊಂದಿರುತ್ತದೆ: ವೃತ್ತವಿದ್ದರೆ ಸಾಮಾನ್ಯ, ವಜ್ರಾಕೃತಿಯಿದ್ದರೆ ಅಷ್ಟು ಸಾಮಾನ್ಯವಲ್ಲದ್ದು, ನಕ್ಷತ್ರವಿದ್ದರೆ ವಿರಳ. ಎಲ್ಲ ಬಗೆಯ ವಿರಳ ಕಾರ್ಡುಗಳನ್ನೂ ಪಡೆಯಬೇಕಾದರೆ ಎಷ್ಟು ಪೊಟ್ಟಣಗಳು ಬೇಕು? ಇದನ್ನು ಒಂದು ದಾಳದಿಂದ ಅರಿಯಬಹುದು. ದಾಳದ ಆರೂ ಮುಖಗಳು ಒಮ್ಮೆಯಾದರೂ ಬೀಳಬೇಕಾದರೆ ಆರು ಬಾರಿ ಎಸೆದರೆ ಸಾಲದು. ಮೊದಲ ಮುಖಕ್ಕೆ ಒಂದು ಎಸೆತ ಸಾಕು. ಎರಡನೆಯ ಹೊಸ ಮುಖಕ್ಕೆ ಸರಾಸರಿ 1.2, ಮೂರನೆಯದಕ್ಕೆ 1.5, ನಾಲ್ಕನೆಯದಕ್ಕೆ 2, ಐದನೆಯದಕ್ಕೆ 3, ಕೊನೆಯದಕ್ಕೆ 6 ಎಸೆತಗಳು ಬೇಕು. ಒಟ್ಟು 14.7. ಇದೇ ಲೆಕ್ಕದಂತೆ 16 ಬಗೆಯ ಕಾರ್ಡುಗಳಿದ್ದು, ಪ್ರತಿ ಪೊಟ್ಟಣದಲ್ಲಿ ಅವುಗಳಲ್ಲೊಂದು ಸಮಾನ ಸಂಭವದಿಂದ ದೊರೆಯುವುದಾದರೂ ಎಲ್ಲವನ್ನೂ ಕೂಡಿಸಲು ಸರಾಸರಿ 54 ಪೊಟ್ಟಣಗಳು ಬೇಕಾಗುತ್ತವೆ. ಕೊನೆಯ ಒಂದಕ್ಕೇ 16 ಬೇಕು. ಸಂಗ್ರಹವು ಪೂರ್ಣತೆಗೆ ಹತ್ತಿರವಾದಂತೆಲ್ಲ ಮುಂದಿನ ಹೆಜ್ಜೆಯ ಬೆಲೆಯು ಏರುತ್ತದೆ ಎಂಬುದನ್ನು ನೆನಪಿಡಬೇಕು.

ಈ ಬಲೆಯಿಂದ ಪಾರಾಗುವ ಉಪಾಯವೂ ಆಟದ ಸ್ವರೂಪದಲ್ಲಿಯೇ ಇದೆ, ಅದೇ ವಿನಿಮಯ. ನನ್ನಲ್ಲಿ ಎರಡಿರುವುದು ನಿನ್ನಲ್ಲಿ ಒಂದೂ ಇಲ್ಲದಿರಬಹುದು. ಇಬ್ಬರೂ ಬದಲಾಯಿಸಿಕೊಂಡರೆ ಇಬ್ಬರಿಗೂ ಲಾಭ, ಯಾರಿಗೂ ಖರ್ಚಿಲ್ಲ. ತಜಿರಿಯು ಎರಡು ಯಂತ್ರಗಳ ನಡುವಿನ ತಂತಿಯಲ್ಲಿ ಕಂಡುದು ಈ ಸ್ನೇಹವನ್ನೇ. ಆದರೆ ವಿನಿಮಯವು ನ್ಯಾಯವಾಗಿ ನಡೆಯಬೇಕಾದರೆ ಇಬ್ಬರಿಗೂ ವಸ್ತುವಿನ ಬೆಲೆ ತಿಳಿದಿರಬೇಕು. ದೊಡ್ಡ ಹುಡುಗರು ಎಳೆಯರನ್ನು ಪುಸಲಾಯಿಸಿ ವಿರಳ ಕಾರ್ಡುಗಳನ್ನು ಕಸಿದುಕೊಂಡರು. ಶಾಲೆಯ ಅಂಗಳಗಳಲ್ಲಿ ಜಗಳಗಳಾದುವು. 1999ರ ಸುಮಾರಿನಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಅನೇಕ ಶಾಲೆಗಳು ಈ ಕಾರ್ಡುಗಳನ್ನು ತರಕೂಡದೆಂದು ನಿಷೇಧಿಸಿದುವು. ಮುಚ್ಚಿದ ಪೊಟ್ಟಣದಲ್ಲಿ ವಿರಳ ಕಾರ್ಡನ್ನಿಟ್ಟು ಮಾರುವುದು ಮಕ್ಕಳಿಗೆ ಜೂಜನ್ನು ಕಲಿಸಿದಂತೆ ಎಂದು ವಾದಿಸಿ ಅದೇ ವರ್ಷ ಅಮೆರಿಕದಲ್ಲಿ ಕೆಲವರು ನ್ಯಾಯಾಲಯದ ಮೊರೆಹೊಕ್ಕರು.

ಬೆಲೆಯ ವಿಚಾರದಲ್ಲಿ ಒಂದು ಕಾರ್ಡಿನ ಚರಿತ್ರೆಯು ಮನನೀಯವಾಗಿದೆ. 1997 ಮತ್ತು 1998ರಲ್ಲಿ ಜಪಾನಿನ ‘ಕೊರೊಕೊರೊ ಕಾಮಿಕ್’ ಎಂಬ ಮಕ್ಕಳ ಪತ್ರಿಕೆಯು ಚಿತ್ರಸ್ಪರ್ಧೆಗಳನ್ನು ಏರ್ಪಡಿಸಿತು. ಗೆದ್ದವರಿಗೆ ವಿಶೇಷ ಕಾರ್ಡೊಂದನ್ನು ಬಹುಮಾನವಾಗಿ ಕೊಟ್ಟರು. ಪಿಕಾಚುವಿನ ರೂಪವನ್ನು ಮೊದಲು ಕಲ್ಪಿಸಿದ ಅತ್ಸುಕೊ ನಿಶಿದಾ ಎಂಬ ಕಲಾವಿದೆಯೇ ಅದರ ಚಿತ್ರವನ್ನು ಬರೆದಳು. ಚಿತ್ರ ಬರೆಯುವ ಸಲಕರಣೆಗಳನ್ನು ಹಿಡಿದು ನಿಂತ ಪಿಕಾಚು ಅದರಲ್ಲಿದೆ. ಸ್ಪರ್ಧೆಗಳ ಮೂಲಕ ಹಂಚಿದ ಕಾರ್ಡುಗಳು ಕೇವಲ 39. ಮುಂದೆ ಅದರ ಬೆಲೆ ಏರುತ್ತ ಹೋಯಿತು. ಕಲೆಯಿಲ್ಲದೆ, ಗೀರಿಲ್ಲದೆ ಉಳಿದು ಪರೀಕ್ಷಕರಿಂದ ಹತ್ತಕ್ಕೆ ಹತ್ತು ಅಂಕಗಳನ್ನು ಪಡೆದ ಒಂದು ಪ್ರತಿಯು 2021ರಲ್ಲಿ 52,75,000 ಡಾಲರುಗಳಿಗೆ ಕೈ ಬದಲಾಯಿತು. ಮಕ್ಕಳ ಕೈಚಳಕವನ್ನು ಮೆಚ್ಚಿ ಕೊಟ್ಟ ಬಹುಮಾನವು ಯಾರ ಕೈಯೂ ಸೋಕದಂತೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚದೊಳಗೆ ಬಂದಿಯಾಯಿತು! ಆಡಿದರೆ ಸವೆಯುತ್ತದೆ, ಸವೆದರೆ ಬೆಲೆ ಇಳಿಯುತ್ತದೆ. ಆಟದ ವಸ್ತುವು ಸಂಪತ್ತಾದಾಗ ಆಟಕ್ಕೆ ಎರವಾಗುವುದು ಹೀಗೆ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದು 2002ರಲ್ಲಿ ಬೆಳಕಿಗೆ ಬಂದಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಆಂಡ್ರ್ಯೂ ಬಾಮ್‌ಫರ್ಡ್ ಮತ್ತು ಅವರ ಸಹೋದ್ಯೋಗಿಗಳು ಇಂಗ್ಲೆಂಡಿನ ಪ್ರಾಥಮಿಕ ಶಾಲೆಯ 109 ಮಕ್ಕಳಿಗೆ ಎರಡು ಬಗೆಯ ಚಿತ್ರಗಳನ್ನು ತೋರಿಸಿದರು. ಒಂದು ಬಗೆಯವು ಆ ದೇಶದ ಸಾಮಾನ್ಯ ಪ್ರಾಣಿಗಳು ಮತ್ತು ಸಸ್ಯಗಳು. ಇನ್ನೊಂದು ಬಗೆಯವು ಪೋಕೆಮಾನ್‌ಗಳು. ನಾಲ್ಕು ವರ್ಷದ ಮಕ್ಕಳು ನಿಜವಾದ ಜೀವಿಗಳಲ್ಲಿ ನೂರಕ್ಕೆ 32ನ್ನೂ ಪೋಕೆಮಾನ್‌ಗಳಲ್ಲಿ 7ನ್ನೂ ಗುರುತಿಸಿದರು. ಎಂಟು ವರ್ಷದವರಾದರೋ ನಿಜವಾದ ಜೀವಿಗಳಲ್ಲಿ ನೂರಕ್ಕೆ 53ನ್ನು ಮಾತ್ರ ಗುರುತಿಸಿ, ಪೋಕೆಮಾನ್‌ಗಳಲ್ಲಿ 78ನ್ನು ಗುರುತಿಸಿದರು! ಮಕ್ಕಳ ನೆನಪಿನ ಶಕ್ತಿಯು ಕುಂದಿಲ್ಲವೆಂಬುದು ಇದರಿಂದ ಸ್ಪಷ್ಟ. ನೂರಾರು ಜೀವಿಗಳ ಹೆಸರು, ಸ್ವಭಾವ, ಬಲಾಬಲಗಳನ್ನು ಕಲಿಯುವ ಸಾಮರ್ಥ್ಯವು ಅವರಲ್ಲಿ ಸಮೃದ್ಧವಾಗಿದೆ. ಆದರೆ ಆ ಸಾಮರ್ಥ್ಯವು ತಮ್ಮ ಬೇಲಿಯಾಚೆಯ ಮರವನ್ನೂ ಹಕ್ಕಿಯನ್ನೂ ಬಿಟ್ಟು, ಇಲ್ಲದ ಪ್ರಾಣಿಗಳ ಕಡೆಗೆ ಹರಿದಿದೆ. ಹೆಸರೇ ತಿಳಿಯದ ಜೀವಿಯು ನಾಳೆ ಕಣ್ಮರೆಯಾದರೆ ಅದಕ್ಕಾಗಿ ಮರುಗುವವರಾರು? ಕೀಟಗಳು ಮಾಯವಾದುದನ್ನು ಕಂಡು ನೊಂದವನು ರಚಿಸಿದ ಆಟದಿಂದಲೇ ಈ ಪ್ರಶ್ನೆಯು ಎದ್ದಿತೆಂಬುದು ವಿಧಿಯ ವಿಚಿತ್ರ.

ಈ ಪ್ರಶ್ನೆಗೆ ಕೆಲವರು ಆಟದ ರೂಪದಲ್ಲಿಯೇ ಉತ್ತರ ಕೊಟ್ಟರು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಎಂಗ್ ಎಂಬ ವಿಜ್ಞಾನ ಶಿಕ್ಷಕರು 2010ರಲ್ಲಿ ‘ಫೈಲೊ’ ಎಂಬ ಕಾರ್ಡಿನ ಆಟವನ್ನು ಆರಂಭಿಸಿದರು. ಇದರ ಕಾರ್ಡುಗಳಲ್ಲಿರುವುವು ನಿಜವಾದ ಜೀವಿಗಳು. ಹೊಡೆತದ ಬದಲು ಅವುಗಳ ಆಹಾರ, ವಾಸಸ್ಥಾನ, ಗಾತ್ರಗಳನ್ನು ಕಾಣಿಸಿದ್ದಾರೆ. ಯಾವುದು ಯಾವುದನ್ನು ತಿಂದು ಬದುಕುತ್ತದೆಯೆಂಬುದನ್ನು ಅನುಸರಿಸಿ ಆಟಗಾರರು ಕಾರ್ಡುಗಳ ಸರಪಣಿಯನ್ನು ಕಟ್ಟಬೇಕು. ಕಾರ್ಡುಗಳನ್ನು ಯಾರು ಬೇಕಾದರೂ ಹಣ ಕೊಡದೆ ಮುದ್ರಿಸಿಕೊಳ್ಳಬಹುದು. ಆದ್ದರಿಂದ ಇಲ್ಲಿ ವಿರಳ ಕಾರ್ಡಿನ ವ್ಯಾಮೋಹವಿಲ್ಲ.

ಕಲ್ಪನೆಯು ಮನುಷ್ಯನ ಹಿರಿಯ ಸಂಪತ್ತು. ಯಾಳಿಯನ್ನು ಕಡೆದ ಶಿಲ್ಪಿಯನ್ನು ನಾವು ಹಳಿಯುವುದಿಲ್ಲ. ಆದರೆ ಸಿಂಹವನ್ನೂ ಆನೆಯನ್ನೂ ಬಲ್ಲವನೇ ಯಾಳಿಯನ್ನು ಕಡೆಯಬಲ್ಲನು. ದುಂಬಿಯ ನಿದ್ರೆಯನ್ನು ಕಾದು ನೋಡಿದವನೇ ಪೋಕೆಮಾನ್‌ಗಳನ್ನು ಕಲ್ಪಿಸಿದನು. ವಿದ್ಯಾರ್ಥಿಗಳು ಒಂದು ಹಳೆಯ ರಟ್ಟನ್ನು ಕತ್ತರಿಸಿ ತಮ್ಮದೇ ಕಾರ್ಡುಗಳನ್ನು ಮಾಡಬಹುದು. ಗೂಡು ಹೆಣೆಯುವ ಗೀಜಗ, ನೀರಿಗೆ ಧುಮುಕುವ ಮಿಂಚುಳ್ಳಿ, ಉಂಡೆಯನ್ನು ಉರುಳಿಸುವ ಸಗಣಿಹುಳು, ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತ ಇವುಗಳ ಚಿತ್ರ ಬರೆದು, ಆಹಾರವೇನು, ಆಶ್ರಯವೆಲ್ಲಿ, ಶತ್ರು ಯಾರು, ಬಲವೇನು, ದೌರ್ಬಲ್ಯವೇನು ಎಂದು ಕೆಳಗೆ ತುಂಬಬೇಕು. ತುಂಬಲಾಗದ ಸಾಲು ಬಂದಾಗ ಎದ್ದುಹೋಗಿ ಆ ಜೀವಿಯನ್ನು ನೋಡಬೇಕು. ಆಗ ಕೈಯಲ್ಲಿ ಮೂಡುವ ಕಾರ್ಡಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲದಿರಬಹುದು. ಬರೆದವನ ಅರಿವಿಗೆ ಅದು ಸೇರಿಸಿದುದನ್ನು ಯಾರೂ ಕಸಿದುಕೊಳ್ಳಲಾರರು.

ಅಭ್ಯಾಸ

1. ಜಪಾನಿನ ‘ಒಬಾಕೆ ಕರುತ’ ಎಲೆಗಳ ಆಟವನ್ನು ವಿವರಿಸಿರಿ.
2. ಸತೋಷಿ ತಜಿರಿಯ ಬಾಲ್ಯಕ್ಕೂ ಅವನು ರಚಿಸಿದ ಆಟಕ್ಕೂ ಇರುವ ಸಂಬಂಧವೇನು?
3. ‘ಯಾವ ಪ್ರಾಣಿಗೂ ಬೆಲೆ ತೆರದೆ ಬಲವು ಬಂದಿಲ್ಲ’ ಎಂಬ ಮಾತನ್ನು ಉದಾಹರಣೆಯೊಡನೆ ಸಮರ್ಥಿಸಿರಿ.
4. ರೂಪಪರಿವರ್ತನೆಗೂ ವಿಕಾಸಕ್ಕೂ ಇರುವ ವ್ಯತ್ಯಾಸವನ್ನು ತಿಳಿಸಿರಿ.
5. ಒಂದು ದಾಳವನ್ನು ಆರೂ ಮುಖಗಳು ಬೀಳುವವರೆಗೆ ಎಸೆದು ಎಸೆತಗಳನ್ನು ಎಣಿಸಿರಿ. ಇದನ್ನು ಇಪ್ಪತ್ತು ಬಾರಿ ಮಾಡಿ ಸರಾಸರಿಯನ್ನು ಪಾಠದಲ್ಲಿ ಹೇಳಿದ ಸಂಖ್ಯೆಯೊಡನೆ ಹೋಲಿಸಿರಿ.
6. 2002ರ ಅಧ್ಯಯನದಿಂದ ತಿಳಿದುಬಂದ ಸಂಗತಿಯನ್ನು ಕುರಿತು ನಿಮ್ಮ ಅಭಿಪ್ರಾಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.